ಹುಲ್ಲುಗಾವಲಿಗಾಗಿ ಒಂದು ಮದುವೆ

ಮಾಂಗಾ ಅಂದ ತಕ್ಷಣ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗೋದು ನರುಟೊ, ಒನ್ ಪೀಸ್ ಥರದ ಫೈಟಿಂಗ್ ಕಥೆಗಳು. ಆದರೆ ಜಪಾನಿನ ಈ ಚಿತ್ರಕಥೆಗಳಲ್ಲಿ ಇತಿಹಾಸಕ್ಕೂ ಜಾಗ ಇದೆ. ಅಂಥದ್ದೊಂದು ‘ಒಟೊಯೊಮೆಗತಾರಿ’, ಇಂಗ್ಲಿಷ್‌ನಲ್ಲಿ ‘ಎ ಬ್ರೈಡ್ಸ್ ಸ್ಟೋರಿ’. ಬರೆದು ಚಿತ್ರಿಸುತ್ತಿರುವವರು ಕವೊರು ಮೋರಿ ಎಂಬ ಲೇಖಕಿ. 2008ರಲ್ಲಿ ಶುರುವಾದ ಈ ಸರಣಿಗೆ 2014ರಲ್ಲಿ ಮಾಂಗಾ ತೈಶೋ ಪ್ರಶಸ್ತಿ ಬಂತು.

ಕಥೆ ನಡೆಯೋದು 19ನೇ ಶತಮಾನದ ಮಧ್ಯ ಏಷ್ಯಾದಲ್ಲಿ, ಕ್ಯಾಸ್ಪಿಯನ್ ಸಮುದ್ರದ ಆಸುಪಾಸಿನಲ್ಲಿ. ರಷ್ಯಾ ಸಾಮ್ರಾಜ್ಯ ಆ ಕಡೆ ಹರಡುತ್ತಿದ್ದ ಕಾಲ. ಅಲೆಮಾರಿ ಕುರಿಗಾಹಿಗಳ ಬುಡಕಟ್ಟಿನ ಅಮೀರ್ ಅನ್ನೋ ಹುಡುಗಿ, ಊರಲ್ಲಿ ನೆಲೆನಿಂತ ಒಂದು ಮನೆಗೆ ಸೊಸೆಯಾಗಿ ಬರುತ್ತಾಳೆ. ಅವಳಿಗೆ 20, ಗಂಡ ಕಾರ್ಲುಕ್‌ಗೆ 12! ಓದುವವರಿಗೆ ಗಾಬರಿಯಾಗುತ್ತೆ, ಆಗಲೇಬೇಕು. ಆದರೆ ಆ ಊರಿನವರಿಗೆ ಆಶ್ಚರ್ಯ ಆಗೋದು ಹುಡುಗನ ವಯಸ್ಸಿನಿಂದಲ್ಲ, 20 ಆದರೂ ಹುಡುಗಿಗೆ ಮದುವೆ ಆಗಿರಲಿಲ್ಲವಲ್ಲ ಅಂತ. ಅಂದರೆ ನಮ್ಮ ಸೀನಿಯರ್‌ಗಳೆಲ್ಲ ಅಲ್ಲಿ ‘ವಯಸ್ಸು ಮೀರಿದವರು’.

ಇಂಥ ಮದುವೆಗಳ ಹಿಂದೆ ಏನಿದೆ? ಉತ್ತರ ಹುಲ್ಲಿನಲ್ಲಿದೆ. ಅಲೆಮಾರಿಗಳ ಆಸ್ತಿ ಅಂದರೆ ಕುರಿ, ಕುದುರೆ. ಅವುಗಳಿಗೆ ಬೇಸಿಗೆಗೆ ಒಂದು ಕಡೆ, ಚಳಿಗಾಲಕ್ಕೆ ಇನ್ನೊಂದು ಕಡೆ ಮೇವು ಬೇಕು. ಹುಲ್ಲುಗಾವಲು ಕೈತಪ್ಪಿದರೆ ಮಂದೆ ಸಾಯುತ್ತೆ, ಜನರ ಬದುಕೂ ಹೋಗುತ್ತೆ. ಆದ್ದರಿಂದ ಹೆಣ್ಣು ಕೊಟ್ಟು ತರೋದು ಎರಡು ಬುಡಕಟ್ಟುಗಳ ಒಪ್ಪಂದವೂ ಹೌದು. ಅಮೀರ್‌ಳ ತವರಿನವರು ಹುಲ್ಲುಗಾವಲಿಗಾಗಿ ಇನ್ನೊಂದು ಬಲಿಷ್ಠ ಬುಡಕಟ್ಟಿಗೆ ಹೆಣ್ಣು ಕೊಟ್ಟಿರುತ್ತಾರೆ. ಆ ಹೆಣ್ಣುಮಕ್ಕಳು ತೀರಿಕೊಂಡು ಸಂಬಂಧ ಕಡಿದುಹೋದಾಗ, ಮದುವೆಯಾಗಿರೋ ಅಮೀರ್‌ಳನ್ನೇ ವಾಪಸ್ ಕೊಡಿ ಅಂತ ಬರುತ್ತಾರೆ! ಕಾರ್ಲುಕ್‌ನ ಅಜ್ಜಿ ಬಾಲ್ಕಿರ್ಶ್ ಬಿಲ್ಲು ಹಿಡಿದು ಅವರನ್ನು ಓಡಿಸೋ ದೃಶ್ಯ ಮೊದಲ ಸಂಪುಟದಲ್ಲೇ ಇದೆ.

ಹುಡುಗಿಯರ ಕೈಕೆಲಸವೂ ಈ ವ್ಯವಸ್ಥೆಯ ಭಾಗ. ಗಂಡನ ಮನೆಗೆ ಒಯ್ಯುವ ಬಟ್ಟೆಗಳಿಗೆಲ್ಲ ಅವಳೇ ಕಸೂತಿ ಹಾಕಬೇಕು. ನಮ್ಮ ಧಾರವಾಡದ ಕಸೂತಿಯ ಹಾಗೆ ಅಲ್ಲೂ ವಿನ್ಯಾಸಗಳು ಅಜ್ಜಿಯಿಂದ ಮೊಮ್ಮಗಳಿಗೆ ಕೈಯಿಂದ ಕೈಗೆ ಬರುತ್ತವೆ. ಅಮೀರ್‌ಳ ಗೆಳತಿ ಪರಿಯಾ ಕೂಡಿಟ್ಟದ್ದೆಲ್ಲ ಊರಿನ ಮೇಲಾದ ದಾಳಿಯಲ್ಲಿ ಹಾಳಾಗುತ್ತೆ. ಮತ್ತೆ ಮೊದಲಿಂದ ಹೊಲಿಯಬೇಕು, ಅಲ್ಲಿವರೆಗೂ ಮದುವೆ ಕಾಯಬೇಕು.

ಮೋರಿಯವರ ಚಿತ್ರಗಳು ಎಷ್ಟು ಚೆನ್ನಾಗಿವೆ ಅಂದರೆ, ಈ ಪದ್ಧತಿಯೇ ಚೆಂದ ಅನ್ನಿಸಿಬಿಡೋ ಅಪಾಯ ಇದೆ. ಅಮೀರ್, ಕಾರ್ಲುಕ್ ನಡುವೆ ನಿಧಾನಕ್ಕೆ ಬೆಳೆಯೋ ಪ್ರೀತಿ ನೋಡಿದರಂತೂ ಹಾಗೇ ಅನ್ನಿಸುತ್ತೆ. ಆಗ ತಲಾಸ್‌ಳ ಕಥೆ ಓದಬೇಕು. ಗಂಡ ಸತ್ತರೆ ಅವನ ತಮ್ಮನ ಜೊತೆ ಮದುವೆ ಮಾಡೋದು ಕಜಾಕ್ ಜನರಲ್ಲಿ ನಿಜಕ್ಕೂ ಇದ್ದ ರೂಢಿ. ತಲಾಸ್ ಹೀಗೆ ಒಂದೇ ಮನೆಯ ಐವರು ಅಣ್ಣತಮ್ಮಂದಿರನ್ನು ಒಬ್ಬರಾದ ಮೇಲೆ ಒಬ್ಬರಂತೆ ಮದುವೆಯಾಗಿ, ಐವರನ್ನೂ ಕಳೆದುಕೊಂಡವಳು. ಕೊನೆಗೆ ಅವಳೇ ಇಷ್ಟಪಟ್ಟ ಸ್ಮಿತ್ ಎಂಬ ಇಂಗ್ಲಿಷ್ ಸಂಶೋಧಕನ ಜೊತೆ ಮದುವೆ ನಿಶ್ಚಯವಾದರೆ, ಅತ್ತೆಯ ಹೊಸ ಗಂಡ ‘ಆಗಲ್ಲ’ ಅಂತಾನೆ, ಅಲ್ಲಿಗೆ ಮಾತು ಮುರಿಯುತ್ತೆ.

ಅದೇ ಪದ್ಧತಿ, ಎರಡು ಬದುಕು. ಅಮೀರ್‌ಗೆ ಒಳ್ಳೆ ಮನೆ ಸಿಕ್ಕಿತು, ಅದು ಅವಳ ಅದೃಷ್ಟ. ಆಯ್ಕೆ ಇಬ್ಬರ ಕೈಯಲ್ಲೂ ಇರಲಿಲ್ಲ. ಮೋರಿ ಭಾಷಣ ಮಾಡದೆ ಇದನ್ನು ತೋರಿಸುತ್ತಾರೆ. ಓದುವಾಗ ಕಸೂತಿ, ಕುದುರೆಗಳನ್ನು ಕಣ್ತುಂಬ ನೋಡಿ. ಜೊತೆಗೆ, ಪ್ರತಿ ಮದುವೆಯಲ್ಲೂ ಹುಡುಗಿಯನ್ನು ಯಾರಾದರೂ ಒಂದು ಮಾತು ಕೇಳಿದರಾ ಅಂತಾನೂ ನೋಡಿ.