ಕುದುರೆಯ ಹೊಸ ಚರ್ಮದ ಸಾಮಾನು: ಅದರ ವಾಸನೆ, ಅದರ ಬಣ್ಣ

ಹೊಸ ಮಡಕೆಗೆ ಮಣ್ಣಿನ ವಾಸನೆ, ಹೊಸ ಬಟ್ಟೆಗೆ ಗಂಜಿಯ ವಾಸನೆ ಇರುವಂತೆ ಹೊಸ ಚರ್ಮಕ್ಕೂ ತನ್ನದೇ ಆದ ವಾಸನೆಯೊಂದು ಇದ್ದೇ ಇರುತ್ತದೆ. ಹೊಸ ಸೀರೆಯನ್ನು ಮೊದಲ ಸಲ ಒಗೆಯುವಾಗ ಬೇರೆ ಬಟ್ಟೆಗಳೊಡನೆ ನೆನೆಸಬಾರದೆಂಬುದು ನಮ್ಮ ತಾಯಂದಿರಿಗೆಲ್ಲ ತಿಳಿದಿರುವ ವಿಷಯ. ಆದರೆ ಕುದುರೆಯ ಮೈಮೇಲೆ ಹಾಕುವ ಜೀನು, ಲಗಾಮು, ಪಟ್ಟಿಗಳ ವಿಚಾರದಲ್ಲಿ ಈ ಎಚ್ಚರಿಕೆಯನ್ನು ವಹಿಸುವವರು ಕಡಿಮೆ. ಅದರಿಂದಾಗುವ ನಷ್ಟವನ್ನು ನಾನು ನನ್ನ ಮನೆಯಲ್ಲಿಯೇ ಕಂಡಿದ್ದೇನೆ. ಆದಕಾರಣ ಈ ಲೇಖನ.

ನನ್ನ ತಂದೆಯವರು ಮೈಸೂರಿನಲ್ಲಿ ಟಾಂಗಾ ಹೊಡೆದು ಜೀವನ ಸಾಗಿಸುವವರು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಎರಡು ವರ್ಷಗಳ ಹಿಂದೆ ದಸರೆಗೆ ಮುಂಚೆ ತಂದೆಯವರು ಸಾಲ ಮಾಡಿ ಕುದುರೆಗೆ ಹೊಸ ಪಟ್ಟಿಗಳನ್ನೂ ಲಗಾಮನ್ನೂ ತಂದರು. ಕಪ್ಪು ಬಣ್ಣ, ಕನ್ನಡಿಯಂತಹ ಹೊಳಪು. ನಮ್ಮದು ಬಿಳಿಯ ಕುದುರೆ. ಮೊದಲ ದಿನ ಸಂಜೆಯ ಹೊತ್ತಿಗೆ ಅದರ ಎದೆಯ ಮೇಲೂ ಹೆಗಲ ಮೇಲೂ ಮಸಿಯ ಗೆರೆಗಳು ಮೂಡಿದ್ದವು. ವಾಸನೆಯಂತೂ ಹೇಳತೀರದು. ಗಾಡಿ ಹತ್ತಿದ್ದ ಯಾತ್ರಿಕರೊಬ್ಬರು ಮೂಗು ಮುಚ್ಚಿಕೊಂಡು ಅರ್ಧ ದಾರಿಯಲ್ಲಿಯೇ ಇಳಿದುಹೋದರು.

“ನೀನು ಓದಿದವನು, ಏನು ಮಾಡಬೇಕು ಹೇಳಪ್ಪ” ಎಂದು ತಂದೆಯವರು ನನ್ನನ್ನು ಕೇಳಿದರು. ಬಟ್ಟೆ ಸಾಬೂನು ಹಾಕಿ ಚೆನ್ನಾಗಿ ಉಜ್ಜಿ ಬಿಸಿಲಿಗೆ ಹಾಕಿ ಎಂದೆ. ಅವರು ಹಾಗೆಯೇ ಮಾಡಿದರು. ನಾಲ್ಕು ದಿನಗಳಲ್ಲಿ ಪಟ್ಟಿಗಳು ಮರದ ಚಕ್ಕೆಯಂತೆ ಬಿರುಸಾದವು. ಅದು ಉಜ್ಜಿ ಕುದುರೆಯ ಹೆಗಲು ಹುಣ್ಣಾಯಿತು. ದಸರೆಯ ಸಂಪಾದನೆಯ ದಿನಗಳಲ್ಲಿ ಕುದುರೆ ಲಾಯದಲ್ಲಿ ನಿಂತಿತು. ತಂದೆಯವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ನನಗೆ ಅದೇ ಹೆಚ್ಚು ಸಂಕಟವಾಯಿತು. ತಿಳಿಯದುದನ್ನು ತಿಳಿದವನಂತೆ ಹೇಳಿದ ತಪ್ಪನ್ನು ತಿದ್ದಿಕೊಳ್ಳಲೆಂದು ಅಂದಿನಿಂದ ಈ ವಿಷಯವನ್ನು ಪುಸ್ತಕಗಳಲ್ಲಿ ಓದಿದೆ; ಚರ್ಮದ ಕೆಲಸದಲ್ಲಿ ಕೂದಲು ಹಣ್ಣಾದ ಹಿರಿಯರನ್ನು ಕೇಳಿ ತಿಳಿದೆ.

ಮೊದಲು ವಾಸನೆಯ ಮೂಲವನ್ನು ನೋಡೋಣ. ಹಸಿಯ ತೊಗಲು ಬೇಗ ಕೊಳೆಯುವ ವಸ್ತು. ಅದನ್ನು ಕೊಳೆಯದಂತೆ ಮಾಡುವ ಕೆಲಸಕ್ಕೆ ಹದ ಮಾಡುವುದು ಎಂದು ಹೆಸರು. ನಮ್ಮ ದೇಶದಲ್ಲಿ ತಂಗಡಿ ಗಿಡದ ತೊಗಟೆ, ಅಳಲೆಕಾಯಿ ಮೊದಲಾದ ಒಗರು ಪದಾರ್ಥಗಳಿಂದ ಹದ ಮಾಡುವುದು ಹಿಂದಿನಿಂದ ಬಂದ ಪದ್ಧತಿ. ಕ್ರೋಮಿಯಂ ಲವಣದಿಂದ ಹದ ಮಾಡುವುದು ಇತ್ತೀಚಿನದು. ಈ ಎರಡನೆಯ ಪದ್ಧತಿಯನ್ನು ೧೯೦೩ರ ಸುಮಾರಿಗೆ ಮದರಾಸಿನಲ್ಲಿ ಪ್ರಯೋಗಿಸಿದ ಆಲ್ಫ್ರೆಡ್ ಚಾಟರ್ಟನ್ನರು ಮುಂದೆ ನಮ್ಮ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ನಿರ್ದೇಶಕರಾಗಿದ್ದರು. ಕುದುರೆಯ ಸಾಮಾನಿಗೆ ದಪ್ಪನಾಗಿಯೂ ಗಟ್ಟಿಯಾಗಿಯೂ ಇರುವ ತೊಗಟೆ ಹದದ ಚರ್ಮವೇ ಹೆಚ್ಚಾಗಿ ಬಳಕೆಯಲ್ಲಿದೆ.

ಹದವಾದ ಚರ್ಮ ಒಣಗಿ ಸೀಳದಿರಲೆಂದು ಅದಕ್ಕೆ ಎಣ್ಣೆ, ಕೊಬ್ಬುಗಳನ್ನು ಊಡುತ್ತಾರೆ. ಮೀನೆಣ್ಣೆಯನ್ನು ಊಡಿದ್ದರೆ ಅದರ ನಾತ ಬಹಳ ದಿನ ನಿಲ್ಲುತ್ತದೆ. ಆದುದರಿಂದ ಮೂಗಿನಿಂದಲೇ ಪರೀಕ್ಷೆ ಆರಂಭವಾಗಬೇಕು. ತೊಗಟೆಯ ಒಗರು ವಾಸನೆಯಾದರೆ ಭಯವಿಲ್ಲ; ಅದು ಒಳ್ಳೆಯ ಚರ್ಮದ ಸಹಜ ಗುಣ. ಮೀನೆಣ್ಣೆಯ ನಾತವಾದರೆ ಗಾಳಿಗೂ ಕಾಲಕ್ಕೂ ಬಗ್ಗುತ್ತದೆ. ಸೀಮೆಎಣ್ಣೆಯನ್ನು ಹೋಲುವ ಕಟುವಾಸನೆ ಮೇಲಿನ ಹೊಳಪಿನ ಲೇಪದ್ದಾಗಿದ್ದರೆ ಅದೂ ಕ್ರಮೇಣ ಆರಿಹೋಗುತ್ತದೆ. ಮುಗ್ಗಲು ವಾಸನೆಯಾದರೆ ಬೂಷ್ಟು ಹಿಡಿದಿದೆ ಎಂದು ಅರ್ಥ. ಆದರೆ ಕೊಳೆತ ಮಾಂಸದ ದುರ್ವಾಸನೆ ಬಂದರೆ, ಹದಕ್ಕೆ ಮುಂಚೆಯೇ ತೊಗಲು ಕೆಟ್ಟಿರುವ ಸಂಭವ ಹೆಚ್ಚು. ಅಂತಹುದನ್ನು ಕೊಳ್ಳದಿರುವುದೇ ಲೇಸು. ಅದರ ಬಲವನ್ನೂ ನಂಬುವಂತಿಲ್ಲ.

ಇನ್ನು ಪರಿಹಾರ. ಪಟ್ಟಿಗಳ ಕೊಂಡಿಗಳನ್ನೆಲ್ಲ ಬಿಚ್ಚಿ, ಒಂದಕ್ಕೊಂದು ತಾಗದಂತೆ, ನೆರಳಿನಲ್ಲಿ ಗಾಳಿಯಾಡುವೆಡೆ ತೂಗುಹಾಕಬೇಕು. ಒಂದೆರಡು ವಾರಗಳ ತಾಳ್ಮೆ ಬೇಕು. ಅಷ್ಟಕ್ಕೂ ಹೋಗದಿದ್ದರೆ ಮುಚ್ಚಳವಿರುವ ಪೆಟ್ಟಿಗೆಯಲ್ಲಿಟ್ಟು, ಪಕ್ಕದಲ್ಲಿ ಒಂದು ತಟ್ಟೆಯಲ್ಲಿ ಅಡಿಗೆ ಸೋಡಾ ಅಥವಾ ಬಟ್ಟೆಯ ಗಂಟಿನಲ್ಲಿ ಇದ್ದಿಲು ಇಡಬಹುದು. ಸೋಡಾ ಚರ್ಮಕ್ಕೆ ತಗಲಬಾರದು. ಬೂಷ್ಟನ್ನು ಮನೆಯ ಹೊರಗೆ ಒಣಬಟ್ಟೆಯಿಂದ ಒರೆಸಿ ತೆಗೆಯಬೇಕು. ಅತ್ತರನ್ನು ಪೂಸುವುದು ವ್ಯರ್ಥ. ಎರಡು ವಾಸನೆಗಳು ಸೇರಿ ಮೂರನೆಯದೊಂದು ಹುಟ್ಟುತ್ತದೆ, ಅಷ್ಟೆ.

ಬಣ್ಣ ಬಿಡುವುದೇಕೆ? ಚರ್ಮದ ಎಳೆಗಳಿಗೆ ಅಂಟಿಕೊಂಡ ಬಣ್ಣ ಸುಲಭವಾಗಿ ಬಿಡುವುದಿಲ್ಲ. ಅಂಟಿಕೊಳ್ಳದೆ ಮೇಲೆಯೇ ಉಳಿದ ಹೆಚ್ಚುವರಿ ಬಣ್ಣ ಮಾತ್ರ ಬಿಡುತ್ತದೆ. ನಮ್ಮ ಹಿರಿಯರು ಅಳಲೆಕಾಯಿ ಮತ್ತು ಅನ್ನಭೇದಿಯಿಂದ ಬರೆವಣಿಗೆಯ ಮಸಿ ಮಾಡುತ್ತಿದ್ದುದು ಹಲವರಿಗೆ ತಿಳಿದಿರಬಹುದು. ಒಗರೂ ಕಬ್ಬಿಣವೂ ಕೂಡಿದರೆ ಕಪ್ಪು ಹುಟ್ಟುತ್ತದೆ. ತೊಗಟೆ ಹದದ ಚರ್ಮಕ್ಕೆ ಕಬ್ಬಿಣದ ನೀರನ್ನು ಹಚ್ಚಿ ಕಪ್ಪು ಮಾಡುವ ಹಳೆಯ ಕ್ರಮವೂ ಇದೇ. ಆ ಕಪ್ಪು ಎಳೆಯೊಳಗೇ ಹುಟ್ಟುವುದರಿಂದ ಅಷ್ಟಾಗಿ ಬಿಡದು. ಬೇಗ ಮಾರುವ ಆತುರದಲ್ಲಿ ಬಳಿದು, ಹೆಚ್ಚಾದುದನ್ನು ಒರೆಸಿ ತೆಗೆಯದೆ, ಮೇಲೆ ಹೊಳಪು ಕೊಟ್ಟ ಬಣ್ಣದ ಗತಿ ಬೇರೆ.

ಇದಕ್ಕೆ ಕುದುರೆಯ ಬೆವರೂ ಸೇರುತ್ತದೆ. ಲಗಾಮು ಉಜ್ಜುವ ಕಡೆ ಕುದುರೆಯ ಕುತ್ತಿಗೆಯಲ್ಲಿ ಬಿಳಿಯ ನೊರೆ ಏಳುವುದನ್ನು ಯಾರಾದರೂ ನೋಡಿರಬಹುದು. ಅದರ ಬೆವರಿನಲ್ಲಿ ಉಪ್ಪಿನ ಜೊತೆಗೆ ಲ್ಯಾಥರಿನ್ ಎಂಬ ಒಂದು ಪ್ರೋಟೀನಿದೆ. ದಟ್ಟವಾದ ರೋಮದಲ್ಲಿ ಬೆವರು ಹರಡಿ ಮೈ ತಂಪಾಗಲೆಂದು ಪ್ರಕೃತಿ ಮಾಡಿದ ಏರ್ಪಾಡು ಅದು. ಆದರೆ ಸಾಬೂನಿನಂತೆ ನೊರೆಗಟ್ಟುವ ಅದೇ ಬೆವರು ಸಡಿಲವಾದ ಬಣ್ಣವನ್ನೂ ಎಬ್ಬಿಸಿ ರೋಮಕ್ಕೆ ಹಚ್ಚುತ್ತದೆ.

ಆದ್ದರಿಂದ ಕುದುರೆ ಒರೆಸುವುದಕ್ಕೆ ಮುಂಚೆ ನಾವೇ ಒರೆಸಿಬಿಡಬೇಕು. ಮೊದಲು ಒಣಗಿದ ಬಿಳಿಯ ಬಟ್ಟೆಯಿಂದ, ಅನಂತರ ನೀರಿನಲ್ಲಿ ಹಿಂಡಿದ ಬಟ್ಟೆಗೆ ಜೀನಿನ ಸಾಬೂನನ್ನು ಸ್ವಲ್ಪವೇ ಹಚ್ಚಿಕೊಂಡು, ಒಳಮೈಯನ್ನೂ ಅಂಚುಗಳನ್ನೂ ಬಿಡದೆ ಒರೆಸಬೇಕು. ಚರ್ಮವನ್ನು ನೀರಿನಲ್ಲಿ ಮುಳುಗಿಸಬಾರದು. ನೆರಳಿನಲ್ಲಿ ಆರಿದ ಮೇಲೆ ಮರುದಿನ ಮತ್ತೆ ಒರೆಸಬೇಕು. ಬಟ್ಟೆ ಬೆಳ್ಳಗೆ ಉಳಿಯುವವರೆಗೆ ಈ ಕೆಲಸ ನಡೆಯಬೇಕು. ಕೊನೆಗೆ ಹರಳೆಣ್ಣೆಯನ್ನೋ ಜೇನುಮೇಣ ಬೆರೆಸಿದ ಲೇಪವನ್ನೋ ತೆಳ್ಳಗೆ ಸವರಬೇಕು. ಎಣ್ಣೆ ಹೆಚ್ಚಾದರೆ ಪಟ್ಟಿ ಜೋತುಬೀಳುತ್ತದೆ. ಮೊದಲ ಕೆಲವು ದಿನ ಚರ್ಮದ ಕೆಳಗೆ ಹಳೆಯ ಬಿಳಿಯ ಬಟ್ಟೆಯೊಂದನ್ನು ಹಾಕುವುದು ಕ್ಷೇಮ. ಹುಣ್ಣಿರುವ ಕಡೆ ಹೊಸ ಚರ್ಮ ತಾಗಲೇಬಾರದು.

ನಾನು ಹೇಳಿದ ಉಪಾಯ ಏಕೆ ಕೆಟ್ಟಿತೆಂಬುದು ಈಗ ಸ್ಪಷ್ಟವಾಗುತ್ತದೆ. ಚರ್ಮದ ಸ್ವಭಾವ ಕೊಂಚ ಹುಳಿ, ಬಟ್ಟೆ ಸಾಬೂನಿನದು ಕ್ಷಾರ. ಸಾಬೂನು ಬಣ್ಣದೊಡನೆ ಚರ್ಮದ ಎಣ್ಣೆಯನ್ನೂ ತೊಳೆದುಹಾಕಿತು. ಉಳಿದ ಮೃದುತ್ವವನ್ನು ಬಿಸಿಲು ಹೀರಿತು. ವಾಸನೆಯೇನೋ ಹೋಯಿತು, ಅದರೊಡನೆ ಪಟ್ಟಿಯೂ ಹೋಯಿತು.

ಕುದುರೆ ಮಾತನಾಡದ ಪ್ರಾಣಿ. ಪಟ್ಟಿ ಚುಚ್ಚುತ್ತದೆ, ಮೈ ಉರಿಯುತ್ತದೆ ಎಂದು ಅದು ಹೇಳಲಾರದು. ಹೆಗಲು ಅದುರಿಸಿ ನಿಲ್ಲುತ್ತದೆ. ನಾವು ಅದನ್ನು ಮೊಂಡುತನವೆಂದು ತಿಳಿದು ಚಾವಟಿ ಎತ್ತುತ್ತೇವೆ. ಅದರ ದುಡಿಮೆಯಿಂದ ಬಂದ ಹಣದಲ್ಲಿ ನನ್ನ ಕಾಲೇಜಿನ ಶುಲ್ಕ ಸಂದಾಯವಾಗಿದೆ. ಈ ಎರಡು ವಾರಗಳ ತಾಳ್ಮೆ ಅದಕ್ಕೆ ನಾವು ಸಲ್ಲಿಸಬೇಕಾದ ಅತಿ ಸಣ್ಣ ಋಣ.

ಕಳೆದ ವರ್ಷ ಹಾಳಾದ ಪಟ್ಟಿಗಳ ಬದಲಿಗೆ ಬೇರೆಯವನ್ನು ಕೊಳ್ಳಬೇಕಾಯಿತು. ಅಂಗಡಿಗೆ ಹೊರಟಾಗ ತಂದೆಯವರು ನನ್ನನ್ನೂ ಕರೆದರು. ಜೇಬಿನಲ್ಲಿ ಒಂದು ಬಿಳಿಯ ಕರವಸ್ತ್ರವನ್ನು ತೇವ ಮಾಡಿ ಇಟ್ಟುಕೊಂಡಿದ್ದೆ. ಮೊದಲ ಪಟ್ಟಿಯನ್ನು ಉಜ್ಜಿದೆ, ಕರವಸ್ತ್ರ ಕಪ್ಪಾಯಿತು. ಎರಡನೆಯದಕ್ಕೂ ಹಾಗೆಯೇ. ಮೂರನೆಯದನ್ನು ತಂದೆಯವರೇ ನನ್ನ ಕೈಯಿಂದ ಕರವಸ್ತ್ರ ತೆಗೆದುಕೊಂಡು ಉಜ್ಜಿ, ಮೂಸಿ ನೋಡಿ, “ಇದು ಆಗಬಹುದು” ಎಂದರು. ಅದನ್ನೇ ತಂದು, ಹಬ್ಬಕ್ಕೆ ಒಂದು ತಿಂಗಳು ಮುಂಚೆಯೇ ಲಾಯದ ನೆರಳಿನಲ್ಲಿ ತೂಗುಹಾಕಿದೆವು. ಆ ದಸರೆಯಲ್ಲಿ ನಮ್ಮ ಕುದುರೆ ಒಂದು ದಿನವೂ ನಿಲ್ಲಲಿಲ್ಲ; ಅದರ ಬಿಳಿಯ ಬಣ್ಣವೂ ಕೆಡಲಿಲ್ಲ.