ಮಗ್ಗ, ಗಿರಣಿ ಮತ್ತು ಸಂವಿಧಾನ

ನಾಗರಿಕಶಾಸ್ತ್ರದಲ್ಲಿ ಸಮಾನತೆಯ ಹಕ್ಕನ್ನು ಕಲಿಸುವಾಗ 14ನೆಯ ವಿಧಿಯನ್ನು ಫಲಕದ ಮೇಲೆ ಬರೆಯುತ್ತೇವೆ. ಮಕ್ಕಳು ಅದನ್ನು ಬಾಯಿಪಾಠ ಮಾಡುತ್ತಾರೆ. ಆ ವಿಧಿಯ ಅರ್ಥವನ್ನು ಸರ್ವೋಚ್ಚ ನ್ಯಾಯಾಲಯವು ಮೊದಮೊದಲು ಬಿಡಿಸಿ ಹೇಳಿದ ಪ್ರಕರಣಗಳಲ್ಲಿ ಒಂದು ಸೊಲ್ಲಾಪುರದ ಬಟ್ಟೆ ಗಿರಣಿಯಿಂದಲೇ ಹುಟ್ಟಿತೆಂಬ ಸಂಗತಿ ನಮ್ಮಲ್ಲಿ ಅನೇಕರ ಗಮನಕ್ಕೆ ಬಂದಿಲ್ಲ. ಯಂತ್ರವು ವ್ಯಾಪಾರವನ್ನೂ ಕಾನೂನನ್ನೂ ಹೇಗೆ ಮಾರ್ಪಡಿಸುತ್ತದೆ ಎಂಬುದನ್ನು ತಿಳಿಸಲು ನಮ್ಮ ಶಾಲೆಗಳಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ದೊರೆಯಲಾರದು.

ಸೊಲ್ಲಾಪುರವು ಮೊದಲಿನಿಂದಲೂ ಕೈಮಗ್ಗದ ಊರು. ಸುತ್ತಲೂ ಹತ್ತಿ ಬೆಳೆಯುವ ಎರೆಭೂಮಿ. 1860ರಲ್ಲಿ ರೈಲು ಬಂದಿತು. ಹತ್ತಿ ಹೊರಗೆ ಹೋಗಲು ಹೇಗೋ ಹಾಗೆ ಕಲ್ಲಿದ್ದಲು ಒಳಗೆ ಬರಲು ಸಹ ದಾರಿಯಾಯಿತು. 1870ರ ದಶಕದಲ್ಲಿ ಸೊಲ್ಲಾಪುರ ಸ್ಪಿನ್ನಿಂಗ್ ಆಂಡ್ ವೀವಿಂಗ್ ಕಂಪನಿ ಸ್ಥಾಪನೆಗೊಂಡಿತು. ಜನರು ಇಂದಿಗೂ ಅದನ್ನು ಜುನಿ ಮಿಲ್ ಎಂದೇ ಕರೆಯುತ್ತಾರೆ.

ಇಲ್ಲಿ ವಿಜ್ಞಾನದ ಪಾಠವೊಂದಿದೆ. ಉಗಿಯಂತ್ರದ ಶಕ್ತಿಯನ್ನು ಮನೆಮನೆಗೆ ಹಂಚಲು ಬರುವುದಿಲ್ಲ. ಒಂದು ದೊಡ್ಡ ಯಂತ್ರವು ಉದ್ದನೆಯ ದಂಡವನ್ನು ತಿರುಗಿಸುತ್ತದೆ. ಆ ದಂಡದಿಂದ ಪಟ್ಟಿಗಳ ಮೂಲಕ ನೂರಾರು ಮಗ್ಗಗಳು ಒಟ್ಟಿಗೆ ಚಲಿಸುತ್ತವೆ. ಆದ್ದರಿಂದ ಮಗ್ಗಗಳು ಒಂದೇ ಸೂರಿನಡಿ ಇರಬೇಕು, ಕೆಲಸಗಾರರು ಒಂದೇ ಹೊತ್ತಿಗೆ ಬರಬೇಕು. ಮನೆಯ ಪಡಸಾಲೆಯಲ್ಲಿ ತನಗೆ ತಿಳಿದಾಗ ನೇಯುತ್ತಿದ್ದವನು ಭೋಂಗಾ ಕೂಗಿದಾಗ ಏಳುವವನಾದನು. ಇಷ್ಟು ದೊಡ್ಡ ಸ್ಥಾವರಕ್ಕೆ ಒಬ್ಬನ ಗಂಟಿನ ಹಣ ಸಾಲದು. ಹಲವರಿಂದ ಷೇರು ಹಣ ಕೂಡಿಸುವ ಕಂಪನಿ ಬೇಕು, ಅದಕ್ಕೆ ಕಂಪನಿ ಕಾನೂನು ಬೇಕು. ಹೀಗೆ ಗಿರಣಿಯ ಒಡೆತನ ಒಂದು ಕಡೆ, ಆಡಳಿತ ಇನ್ನೊಂದು ಕಡೆ, ದುಡಿಮೆ ಮತ್ತೊಂದು ಕಡೆ ಆಯಿತು. ಮುಂದಿನ ವ್ಯಾಜ್ಯದ ಬೇರು ಇದರಲ್ಲಿಯೇ ಇದೆ.

1949ರ ಆಗಸ್ಟ್ ತಿಂಗಳಲ್ಲಿ ಆಡಳಿತ ಮಂಡಳಿಯು ಗಿರಣಿಯನ್ನು ಮುಚ್ಚಿತು. ಸಾವಿರಾರು ಕುಟುಂಬಗಳ ಒಲೆಯ ಪ್ರಶ್ನೆ ಎದ್ದಿತು. 1950ರ ಜನವರಿ 9ರಂದು, ಅಂದರೆ ಸಂವಿಧಾನ ಜಾರಿಗೆ ಬರುವ ಎರಡೂವರೆ ವಾರ ಮೊದಲು, ಕೇಂದ್ರ ಸರಕಾರವು ಸುಗ್ರೀವಾಜ್ಞೆ ಹೊರಡಿಸಿ ಗಿರಣಿಯ ಆಡಳಿತವನ್ನು ತನ್ನ ಕೈಗೆ ತೆಗೆದುಕೊಂಡಿತು. ಆಡಳಿತದ ದೋಷದಿಂದ ಅವಶ್ಯಕ ವಸ್ತುವಿನ ಉತ್ಪಾದನೆ ಕುಂದಿದೆ, ನಿರುದ್ಯೋಗ ಹೆಚ್ಚಿದೆ ಎಂಬುದು ಅದು ಕೊಟ್ಟ ಕಾರಣ. ಅದೇ ವರ್ಷ ಸುಗ್ರೀವಾಜ್ಞೆಯು ಕಾಯ್ದೆಯಾಯಿತು.

ಚಿರಂಜಿತಲಾಲ ಚೌಧರಿ ಎಂಬ ಷೇರುದಾರರು ಇದನ್ನು ಪ್ರಶ್ನಿಸಿದರು. ದೇಶದಲ್ಲಿ ಇಷ್ಟೊಂದು ಗಿರಣಿಗಳಿರುವಾಗ ಒಂದರ ಮೇಲೆ ಮಾತ್ರ ಕಾನೂನು ಮಾಡುವುದು ಸಮಾನತೆಗೆ ವಿರುದ್ಧವಲ್ಲವೇ? ವಿದ್ಯಾರ್ಥಿಗಳು ಕೇಳಬಹುದಾದ ಪ್ರಶ್ನೆಯೇ ಇದು. 1950ರ ಡಿಸೆಂಬರಿನಲ್ಲಿ ಐವರು ನ್ಯಾಯಾಧೀಶರಲ್ಲಿ ಮೂವರು ಅರ್ಜಿಯನ್ನು ತಳ್ಳಿಹಾಕಿದರು. ವಿಶೇಷ ಪರಿಸ್ಥಿತಿಯಿದ್ದರೆ ಒಂದೇ ಸಂಸ್ಥೆಯೂ ಒಂದು ವರ್ಗವಾಗಬಲ್ಲದು. ಭೇದಭಾವವಾಗಿದೆಯೆಂದು ತೋರಿಸುವ ಹೊಣೆ ದೂರು ತಂದವರದು ಎಂಬುದು ಅವರ ನಿಲುವು. ಉಳಿದ ಇಬ್ಬರು ಇದನ್ನು ಒಪ್ಪಲಿಲ್ಲ. ಈ ಭಿನ್ನಮತವನ್ನು ತರಗತಿಯಲ್ಲಿ ಮುಚ್ಚಿಡಬಾರದು. ಪ್ರಾಜ್ಞರಲ್ಲಿಯೂ ಪ್ರಾಮಾಣಿಕ ಭಿನ್ನಾಭಿಪ್ರಾಯ ಸಾಧ್ಯವೆಂದು ಮಕ್ಕಳು ತಿಳಿಯಲಿ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಸರಕಾರ ನೇಮಿಸಿದ ನಿರ್ದೇಶಕರು, ಷೇರಿನ ಬಾಕಿ ಹಣ ಕಟ್ಟಿರೆಂದು ಕೇಳಿದಾಗ ದ್ವಾರಕಾದಾಸ ಶ್ರೀನಿವಾಸ ಎಂಬ ಮತ್ತೊಬ್ಬ ಷೇರುದಾರರು ನ್ಯಾಯಾಲಯಕ್ಕೆ ಹೋದರು. 1953ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಅವರ ಪರವಾಗಿ ತೀರ್ಪಿತ್ತಿತು. ಆಸ್ತಿಯ ಹೆಸರನ್ನು ಮಾತ್ರ ಮಾಲೀಕರಿಗೆ ಬಿಟ್ಟು ಅಧಿಕಾರವನ್ನೆಲ್ಲ ಕಸಿದುಕೊಂಡರೆ ಅದು ಆಸ್ತಿಯನ್ನೇ ಕಸಿದುಕೊಂಡಂತೆ, ಅದಕ್ಕೆ ಪರಿಹಾರ ಕೊಡಬೇಕು ಎಂದಿತು. ಇಂಥ ತೀರ್ಪುಗಳ ಹಿನ್ನೆಲೆಯಲ್ಲಿ 1955ರ ನಾಲ್ಕನೆಯ ತಿದ್ದುಪಡಿ ಬಂದಿತು. ಸಾರ್ವಜನಿಕ ಹಿತಕ್ಕಾಗಿ ನಿಯಮಿತ ಕಾಲದವರೆಗೆ ಸಂಸ್ಥೆಯೊಂದರ ಆಡಳಿತವನ್ನು ಸರಕಾರ ವಹಿಸಿಕೊಳ್ಳುವ ಕಾನೂನುಗಳಿಗೆ ರಕ್ಷಣೆ ದೊರೆಯಿತು. ಷೇರುದಾರನ ಹಣ ಮತ್ತು ಕಾರ್ಮಿಕನ ಅನ್ನ, ಇವೆರಡರಲ್ಲಿ ಯಾವುದನ್ನೂ ಹಗುರವೆಂದು ಹೇಳಲು ನನಗಂತೂ ಧೈರ್ಯ ಸಾಲದು.

ಇತ್ತ ಶಕ್ತಿಯ ಮೂಲವೇ ಬದಲಾಗಿತ್ತು. ವಿದ್ಯುತ್ತು ಉಗಿಯಂತಲ್ಲ, ತಂತಿಯ ಮೂಲಕ ಸಣ್ಣ ಕೋಣೆಗೂ ಹೋಗುತ್ತದೆ, ಮಗ್ಗಕ್ಕೊಂದು ಮೋಟಾರು ಸಾಕು. ಗಿರಣಿಯಲ್ಲಿ ಕೂಡಿದ್ದ ಮಗ್ಗಗಳು ಚಿಕ್ಕ ಚಿಕ್ಕ ಛಪ್ಪರಗಳಿಗೆ ಚದುರಿದವು. ಆದರೆ 1948ರ ಕಾರ್ಖಾನೆ ಕಾಯ್ದೆಯು ರೂಪಿತವಾದಾಗ, ವಿದ್ಯುತ್ ಮೊದಲಾದ ಶಕ್ತಿ ಬಳಸುವ ಸ್ಥಳದಲ್ಲಿ ಹತ್ತು ಅಥವಾ ಹೆಚ್ಚು ಜನ ದುಡಿದರೆ ಅದು ಕಾರ್ಖಾನೆ ಎಂದು ಸಾಮಾನ್ಯವಾಗಿ ಗಣಿಸಿತ್ತು. ಆರೇಳು ಜನರ ಛಪ್ಪರವು ಆ ಎಣಿಕೆಯ ಹೊರಗೆ ಉಳಿಯುತ್ತದೆ. ದೊಡ್ಡ ಗಿರಣಿಯನ್ನು ನೋಡಿ ಬರೆದ ಕಾನೂನು ಸಣ್ಣ ಮಗ್ಗದವನನ್ನು ಮುಟ್ಟಲಿಲ್ಲ. ಕೈಮಗ್ಗದ ರಕ್ಷಣೆಗೆಂದು 1985ರಲ್ಲಿ ಬೇರೊಂದು ಕಾಯ್ದೆ ಬಂದಿತು. ಕೆಲವು ವಸ್ತುಗಳ ನೇಯ್ಗೆಯನ್ನು ಕೈಮಗ್ಗಕ್ಕೆ ಮೀಸಲಿಡುವುದು ಅದರ ಉದ್ದೇಶ. ವಿದ್ಯುತ್ ಮಗ್ಗವಲ್ಲದ ಯಾವುದೇ ಮಗ್ಗ ಕೈಮಗ್ಗ, ಇಷ್ಟೇ ಅದರ ವ್ಯಾಖ್ಯೆ.

ಇಂದು ಸೊಲ್ಲಾಪುರದ ಅಕ್ಕಲಕೋಟ ರಸ್ತೆಯ ಔದ್ಯೋಗಿಕ ವಸಾಹತಿನಲ್ಲಿ ಚಾದರು ಮತ್ತು ಟಾವೆಲ್ಲುಗಳ ಕಾರ್ಖಾನೆಗಳಿವೆ. ಸಾಧ್ಯವಾದರೆ ಮಕ್ಕಳಿಗೆ ಜಕಾರ್ಡ್ ಮಗ್ಗವನ್ನು ತೋರಿಸಬೇಕು. ಫ್ರಾನ್ಸಿನ ಜೋಸೆಫ್ ಮಾರಿ ಜಕಾರ್ಡ್ 1804ರ ಸುಮಾರಿಗೆ ಸಿದ್ಧಪಡಿಸಿದ ಈ ಸಾಧನದಲ್ಲಿ ರಟ್ಟಿನ ಪಟ್ಟಿಗೆ ರಂಧ್ರವಿದ್ದ ಕಡೆ ಹಾಸಿನ ಎಳೆ ಮೇಲೇಳುತ್ತದೆ, ಇಲ್ಲದ ಕಡೆ ಕೆಳಗೇ ಉಳಿಯುತ್ತದೆ. ಪ್ರತಿ ಹೊಕ್ಕಿಗೆ ಒಂದು ಪಟ್ಟಿ. ಇದೆ–ಇಲ್ಲ ಎಂಬ ಈ ಎರಡೇ ಸಂಕೇತಗಳಿಂದ ಚಾದರಿನ ಹೂವು ಮೂಡುತ್ತದೆ. 1890ರ ಅಮೆರಿಕದ ಜನಗಣತಿಯಲ್ಲಿ ಹಾಲೆರಿತ್ ಬಳಸಿದ ಎಣಿಕೆಯ ಯಂತ್ರವೂ ರಂಧ್ರಪಟ್ಟಿಗಳಿಂದಲೇ ನಡೆಯಿತು. ಗಣಕಯಂತ್ರದ ಪೂರ್ವಜರಲ್ಲಿ ಅದೊಂದು.

ಬೇರೆ ಊರುಗಳಲ್ಲಿ ನೇಯ್ದ ಚಾದರೂ ಸೊಲ್ಲಾಪುರದ ಹೆಸರಿನಲ್ಲಿ ಮಾರಾಟವಾಗತೊಡಗಿದಾಗ ಹೊಸ ಕಾನೂನು ಒದಗಿತು. 1999ರ ಭೌಗೋಳಿಕ ಸೂಚಕ ಕಾಯ್ದೆಯ ಅಡಿ ಸೊಲ್ಲಾಪುರಿ ಚಾದರು ಮತ್ತು ಟೆರಿ ಟಾವೆಲ್ಲು ನೋಂದಣಿಯಾಗಿವೆ. ಈ ಕಾಯ್ದೆ ಕಾಪಾಡುವುದು ಊರಿನ ಹೆಸರನ್ನು. ಅಂಥದೇ ಚಾದರನ್ನು ಬೇರೆಯವರು ತಮ್ಮ ಹೆಸರಿನಲ್ಲಿ ನೇಯುವುದನ್ನು ಇದು ತಡೆಯುವುದಿಲ್ಲ. ಪರೀಕ್ಷೆಯಲ್ಲಿ ಇದನ್ನು ಪೇಟೆಂಟಿನೊಂದಿಗೆ ಬೆರೆಸುವ ವಿದ್ಯಾರ್ಥಿಗಳು ಬಹಳ.

ಅಕ್ಕಲಕೋಟ ತಾಲೂಕಿನ ಹಳ್ಳಿಗಳಲ್ಲಿ ಮಗ್ಗ ಕಾಣದ ಮಕ್ಕಳಿಗೆ ಊರಿನ ಹಿಟ್ಟಿನ ಗಿರಣಿಯಿಂದಲೇ ಆರಂಭಿಸಬಹುದು. ಅಜ್ಜಿ ಬೀಸುಕಲ್ಲಿನಲ್ಲಿ ಎಷ್ಟು ಹೊತ್ತು ಬೀಸುತ್ತಿದ್ದಳು, ಮೋಟಾರು ಬಂದ ಮೇಲೆ ಆ ಹೊತ್ತು ಏನಾಯಿತು, ಬೀಸುವ ಕೂಲಿ ಯಾರಿಗೆ ಸೇರುತ್ತದೆ, ತಕ್ಕಡಿಯ ಮೇಲೆ ಸರಕಾರದ ಮುದ್ರೆ ಏಕಿದೆ ಎಂಬ ಪ್ರಶ್ನೆಗಳನ್ನು ಕೊಟ್ಟು ಒಂದು ವಾರದ ಅವಧಿ ನೀಡಿದರೆ ಸಾಕು.