ಲಾರಿ ಬಾರದ ದಾರಿಯಲ್ಲಿ ಹಳೇಬೀಡಿಗೆ

ಕೆಲವು ವರ್ಷಗಳ ಹಿಂದಿನ ಮಾತು. ಆಗ ನಾನು ಅರಸೀಕೆರೆ ತಾಲ್ಲೂಕಿನ ಜಾವಗಲ್ ಕಡೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದೆ. ಒಂಬತ್ತನೇ ತರಗತಿಯ ಮಕ್ಕಳನ್ನು ಸೈಕಲ್ ಮೇಲೆ ಹಳೇಬೀಡಿಗೆ ಕರೆದುಕೊಂಡು ಹೋಗಬೇಕೆಂಬ ಆಸೆ ಹುಟ್ಟಿತು. ದೂರವೇನೂ ಹೆಚ್ಚಲ್ಲ, ಹದಿನೈದು ಕಿ.ಮೀ. ಆಸುಪಾಸು. ಎಂಟನೇ ತರಗತಿಯಲ್ಲಿ ಸರ್ಕಾರ ಕೊಟ್ಟ ಸೈಕಲ್ಲು ಎಲ್ಲರ ಮನೆಯಲ್ಲೂ ಇತ್ತು. ಪೋಷಕರ ಸಭೆಯಲ್ಲಿ ವಿಷಯ ಇಟ್ಟೆ. ಒಬ್ಬ ತಾಯಿ ಎದ್ದು ನಿಂತು, "ಬಸ್ಸಲ್ಲಿ ಕರ್ಕೊಂಡು ಹೋಗಿ ಮೇಷ್ಟ್ರೇ, ಬ್ಯಾಡ ಅನ್ನಲ್ಲ. ಆ ರೋಡಲ್ಲಿ ಮಾತ್ರ ಸೈಕಲ್ ಬ್ಯಾಡ" ಎಂದರು. ಉಳಿದವರೂ ತಲೆಯಾಡಿಸಿದರು.

ನನಗೆ ಬೇಸರವಾಯಿತು. "ನಾವೆಲ್ಲ ಒಳಪೆಡಲು ಹೊಡೆದುಕೊಂಡೇ ಊರೂರು ಸುತ್ತಿದವರಲ್ಲವೇ?" ಎಂದು ವಾದಿಸಿ ನೋಡಿದೆ. ಯಾರೂ ಒಪ್ಪಲಿಲ್ಲ. ಸಂಜೆ ಮನೆಗೆ ಹೋಗುವಾಗ ಅದೇ ಮುಖ್ಯರಸ್ತೆಯ ಪಕ್ಕ ಅರ್ಧ ಗಂಟೆ ನಿಂತೆ. ಲಾರಿ, ಪ್ರವಾಸಿಗರ ಕಾರು, ಬಸ್ಸು ಒಂದರ ಹಿಂದೊಂದು ಹಾದುಹೋದವು. ದೊಡ್ಡ ವಾಹನ ಹೋದಾಗಲೆಲ್ಲ ಅದರ ಗಾಳಿಗೇ ನಾನು ಹೆಜ್ಜೆ ಹಿಂದಿಡುತ್ತಿದ್ದೆ. ವೇಗ ಎರಡು ಪಟ್ಟಾದರೆ ಚಲನಶಕ್ತಿ ನಾಲ್ಕು ಪಟ್ಟಾಗುತ್ತದೆ ಎಂದು ಕಪ್ಪುಹಲಗೆಯ ಮೇಲೆ ವರ್ಷಾನುವರ್ಷ ಬರೆದವನು ನಾನೇ. 40 ಕಿ.ಮೀ. ವೇಗದ ಕಾರಿಗೂ 80 ಕಿ.ಮೀ. ವೇಗದ ಕಾರಿಗೂ ಇರುವ ವ್ಯತ್ಯಾಸ ಆ ತಾಯಿಗೆ ಸೂತ್ರವಿಲ್ಲದೆ ಗೊತ್ತಿತ್ತು. ಅವರು ಬೇಡವೆಂದದ್ದು ಸೈಕಲ್ಲನ್ನಲ್ಲ, ಆ ರಸ್ತೆಯನ್ನು. ಹಾಗಾದರೆ ಬೇರೆ ರಸ್ತೆ ಹುಡುಕುವುದು ನನ್ನ ಕೆಲಸ ಎಂದುಕೊಂಡೆ.

ನಕ್ಷೆಯ ಬಿಳಿ ಗೆರೆಗಳು

ಹಳ್ಳಿಗಾಡಿನಲ್ಲಿ ಸೈಕಲ್ ತುಳಿಯುವುದಕ್ಕೆ ಹೆಸರಾದ ದೇಶ ಫ್ರಾನ್ಸ್. ಅಲ್ಲಿನ ಪ್ರಸಿದ್ಧ ಮಿಶೆಲಿನ್ ರಸ್ತೆ ನಕ್ಷೆಗಳಲ್ಲಿ ದೊಡ್ಡ ರಸ್ತೆಗೆ ಕೆಂಪು, ನಡುವಿನದಕ್ಕೆ ಹಳದಿ, ಹಳ್ಳಿಯಿಂದ ಹಳ್ಳಿಗೆ ಹೋಗುವ ಚಿಕ್ಕ ರಸ್ತೆಗೆ ಬಿಳಿ ಬಣ್ಣ. ಸೈಕಲ್ ಸವಾರರು ಹುಡುಕುವುದು ಬಿಳಿ ಗೆರೆಯನ್ನು. ಅದರ ಜೊತೆಗೆ ಬಳಕೆ ತಪ್ಪಿದ ರೈಲು ದಾರಿಗಳನ್ನೂ ಅಲ್ಲಿ ಸೈಕಲ್ಲಿಗೆ ಬಿಟ್ಟುಕೊಟ್ಟಿದ್ದಾರೆ. ಬರ್ಗಂಡಿ ಪ್ರಾಂತದಲ್ಲಿ ಜೀವ್ರಿ ಮತ್ತು ಕ್ಲೂನಿ ಊರುಗಳ ನಡುವೆ ಇಂಥ ಮೊದಲ 'ಹಸಿರು ದಾರಿ' 1997ರಲ್ಲಿ ತೆರೆಯಿತು.

ನಮ್ಮಲ್ಲಿ ಅಂಥ ಏರ್ಪಾಡಿಲ್ಲ, ನಿಜ. ಆದರೆ ಬಿಳಿ ಗೆರೆಗಳು ನಮ್ಮಲ್ಲೂ ಇವೆ. 2000ರಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಮತ್ತು ನಮ್ಮ ರಾಜ್ಯದ 'ನಮ್ಮ ಗ್ರಾಮ ನಮ್ಮ ರಸ್ತೆ' ಯೋಜನೆಗಳಿಂದ ಎಷ್ಟೋ ಗಾಡಿಜಾಡುಗಳಿಗೆ ಡಾಂಬರು ಬಿತ್ತು. ಈ ರಸ್ತೆಗಳ ಗುಣವೆಂದರೆ ಅವು ದೂರದ ಯಾವ ಊರಿಗೂ ಹತ್ತಿರದ ದಾರಿಯಲ್ಲ. ಆದ್ದರಿಂದಲೇ ದೂರ ಹೋಗುವ ಲಾರಿ ಅಲ್ಲಿಗೆ ಬರುವುದಿಲ್ಲ. ಹಾಲಿನ ವ್ಯಾನು, ಟ್ರ್ಯಾಕ್ಟರು, ಒಂದೆರಡು ಬೈಕು ಬಿಟ್ಟರೆ ಉಳಿದದ್ದೆಲ್ಲ ಕುರಿ, ದನ, ಕೊಕ್ಕರೆ.

ನಾಲ್ಕು ಭಾನುವಾರ ನಾನೊಬ್ಬನೇ ಸೈಕಲ್ ತುಳಿದೆ. ಮುಖ್ಯರಸ್ತೆ ಕಂಡಲ್ಲಿ ಪಕ್ಕಕ್ಕೆ ತಿರುಗುವುದು, ಅರಳಿಕಟ್ಟೆಯಲ್ಲಿ ಕುಳಿತವರನ್ನು ಮುಂದಿನ ಊರಿಗೆ ದಾರಿ ಕೇಳುವುದು, ಇಷ್ಟೇ ಉಪಾಯ. ಕೊನೆಗೆ ಗೊತ್ತಾದದ್ದು ಬೆಳವಾಡಿಯ ಸುತ್ತು. ಜಾವಗಲ್, ಬೆಳವಾಡಿ, ಹಳೇಬೀಡು ಮೂರೂ ಸೇರಿ ಒಂದು ತ್ರಿಕೋನ. ತ್ರಿಕೋನದ ಎರಡು ಬಾಹುಗಳ ಮೊತ್ತ ಮೂರನೆಯದಕ್ಕಿಂತ ಹೆಚ್ಚು ಎಂದು ಎಂಟನೇ ತರಗತಿಯ ಮಕ್ಕಳಿಗೂ ಗೊತ್ತು. ಈ ಸುತ್ತಿನಿಂದ ಏಳೆಂಟು ಕಿ.ಮೀ. ಹೆಚ್ಚಾಗುತ್ತದೆ. ಮನಸ್ಸಿನ ನೆಮ್ಮದಿಗೆ ಕೊಡುವ ಬೆಲೆ ಅಷ್ಟೇ.

ಡಿಸೆಂಬರಿನ ಒಂದು ಬೆಳಿಗ್ಗೆ ಹದಿನಾಲ್ಕು ಮಕ್ಕಳೊಂದಿಗೆ ಹೊರಟೆವು. ಇಬ್ಬರು ತಂದೆಯರು ಬೈಕಿನಲ್ಲಿ ಬಂದರು, ಒಬ್ಬರು ಮುಂದೆ, ಒಬ್ಬರು ಹಿಂದೆ. ಬೇಡವೆಂದಿದ್ದ ತಾಯಿಯ ಮಗಳೂ ಬಂದಿದ್ದಳು. ಹೆದ್ದಾರಿ ದಾಟುವ ಜಾಗದಲ್ಲಿ ಎಲ್ಲರೂ ಇಳಿದು ಸೈಕಲ್ ತಳ್ಳಿಕೊಂಡೇ ದಾಟಿದೆವು.

ಪೆಡಲು ಹೇಳುವ ಪಾಠ

ಬಸ್ಸಿನಲ್ಲಿ ಹೋದವರಿಗೆ ಹಳೇಬೀಡು ಒಂದು ದೇವಸ್ಥಾನ. ಸೈಕಲ್ಲಿನಲ್ಲಿ ಹೋದವರಿಗೆ ಅದು ಒಂದು ನೆಲ. ಅರಸೀಕೆರೆ ಸಮುದ್ರ ಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ, ಬೇಲೂರು 950 ಮೀಟರಿಗೂ ಹೆಚ್ಚು. ನಡುವೆ ಅರುವತ್ತು ಕಿ.ಮೀ.ಗಳಷ್ಟು ದಾರಿ. ಈ ಏರು ಕಣ್ಣಿಗೆ ಕಾಣದು, ತೊಡೆಗೆ ಮಾತ್ರ ತಿಳಿಯುತ್ತದೆ. ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಬಹುದು. ಸವಾರ ಮತ್ತು ಸೈಕಲ್ ಸೇರಿ 65 ಕಿಲೋ ಎಂದುಕೊಳ್ಳಿ. 150 ಮೀಟರ್ ಏರಲು ಬೇಕಾದ ಶಕ್ತಿ 65 × 9.8 × 150, ಅಂದರೆ ಸುಮಾರು 95,000 ಜೂಲ್. ನಮ್ಮ ಸ್ನಾಯುಗಳು ತಿಂದ ಅನ್ನದ ಶಕ್ತಿಯಲ್ಲಿ ಸುಮಾರು ಕಾಲು ಭಾಗವನ್ನಷ್ಟೇ ಕೆಲಸಕ್ಕೆ ತಿರುಗಿಸುತ್ತವೆ. ಆ ಲೆಕ್ಕ ಸೇರಿಸಿದರೂ 90 ಕಿಲೋ ಕ್ಯಾಲೊರಿ ದಾಟುವುದು ಸ್ವಲ್ಪವೇ. ಒಂದು ಬಾಳೆಹಣ್ಣು ಸಾಕು! ಉಳಿದ ಬೆವರೆಲ್ಲ ಗಾಳಿಯನ್ನು ಸೀಳುವುದಕ್ಕೆ ಮತ್ತು ಚಕ್ರದ ಘರ್ಷಣೆಗೆ.

ಗಾಳಿಯನ್ನು ಸಣ್ಣದೆಂದು ತಿಳಿಯಬಾರದು. ಆಷಾಢ, ಶ್ರಾವಣದಲ್ಲಿ ಈ ಬಯಲಿನಲ್ಲಿ ಪಶ್ಚಿಮದಿಂದ ಬಲವಾದ ಗಾಳಿ ಬೀಸುತ್ತದೆ. ಆಗ ಬೇಲೂರಿನ ಕಡೆಗೆ ಹೊರಟವರಿಗೆ ಏರೂ ಎದುರು, ಗಾಳಿಯೂ ಎದುರು. ಬೇಲೂರಿನಿಂದ ಅರಸೀಕೆರೆಗೆ ಬಂದರೆ ಎರಡೂ ಬೆನ್ನ ಹಿಂದೆ. ದೀಪಾವಳಿ ಕಳೆದ ಮೇಲೆ ಗಾಳಿ ಈಶಾನ್ಯಕ್ಕೆ ತಿರುಗುತ್ತದೆ, ಮಳೆಯೂ ನಿಂತಿರುತ್ತದೆ. ನವೆಂಬರಿನಿಂದ ಫೆಬ್ರುವರಿವರೆಗೆ ಸವಾರಿಗೆ ಒಳ್ಳೆಯ ಕಾಲ.

ದಾರಿಯಲ್ಲಿ ಇನ್ನೊಂದು ಸೋಜಿಗವುಂಟು. ಅರಸೀಕೆರೆ ತಾಲ್ಲೂಕಿನ ಉತ್ತರ ಭಾಗದಲ್ಲಿ ಬಿದ್ದ ಮಳೆ ವೇದಾವತಿಯ ಕಡೆಗೆ ಹರಿದು, ತುಂಗಭದ್ರೆಯ ಮೂಲಕ ಕೃಷ್ಣೆಯನ್ನು ಸೇರುತ್ತದೆ. ಬೇಲೂರಿನ ಮಳೆ ಯಗಚಿ, ಹೇಮಾವತಿಯ ಮೂಲಕ ಕಾವೇರಿಗೆ ಹೋಗುತ್ತದೆ. ಬೇಲೂರಿನವರೆಗೆ ಹೋಗುವವರು ಎರಡು ಮಹಾನದಿಗಳ ನಡುವಿನ ದಿಬ್ಬವನ್ನು ಗೊತ್ತಿಲ್ಲದೇ ದಾಟುತ್ತಾರೆ. ತೆಂಗು, ರಾಗಿಯ ಬಯಲುಸೀಮೆ ಹಿಂದೆ ಸರಿದು ಮಲೆನಾಡಿನ ತಂಪು ಮುಂದೆ ಬರುತ್ತದೆ.

ಬೆಳವಾಡಿಯಲ್ಲಿ ವೀರನಾರಾಯಣ ದೇವಾಲಯದ ಕಂಬಗಳಲ್ಲಿ ಮಕ್ಕಳು ತಮ್ಮ ಮುಖ ನೋಡಿಕೊಂಡರು, ಅಷ್ಟು ನುಣುಪು. ಹೊಯ್ಸಳರು ಬಳಸಿದ್ದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಒಡ್ಡಿದಂತೆ ಗಟ್ಟಿ. ಕಲ್ಲಿನಲ್ಲಿ ಬಳೆ, ಸರ, ಬೆರಳಿನ ಉಗುರನ್ನೂ ಬಿಡಿಸಲು ಸಾಧ್ಯವಾದದ್ದು ಶಿಲ್ಪಿಯ ಕೈಚಳಕದ ಜೊತೆಗೆ ಈ ಗುಣದಿಂದ. ಪರೀಕ್ಷಿಸಲೆಂದು ಯಾರೂ ಕೆರೆಯಬಾರದು, ನೋಡಿ ತಿಳಿದರೆ ಸಾಕು.

ಹಳೇಬೀಡಿಗೆ ದೋರಸಮುದ್ರ ಎಂಬ ಹಳೆಯ ಹೆಸರು ಬಂದದ್ದು ಕೆರೆಯಿಂದ. ಕೆರೆಯ ಏರಿಯ ಮೇಲೆ ನಿಂತು ನೋಡಿದಾಗ ರಾಜಧಾನಿ ಇಲ್ಲೇ ಏಕೆ ಎಂದು ಮಕ್ಕಳಿಗೆ ತಾನಾಗಿ ಹೊಳೆಯಿತು. ಪ್ರವಾಸಿ ಬಸ್ಸುಗಳು ಹೊಯ್ಸಳೇಶ್ವರನನ್ನು ಒಂದು ಗಂಟೆ ನೋಡಿ ಹೊರಟುಹೋಗುತ್ತವೆ. ನಾವು ಬಸದಿಹಳ್ಳಿಯ ಬಸದಿಗಳು, ಕೇದಾರೇಶ್ವರ, ಹುಲಿಕೆರೆಯ ಕಲ್ಯಾಣಿ, ಪುಷ್ಪಗಿರಿಯ ಬುಡ ಎಲ್ಲವನ್ನೂ ಸೈಕಲ್ಲಿನಲ್ಲೇ ಸುತ್ತಿದೆವು. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು ಮತ್ತು ಸೋಮನಾಥಪುರ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಇನ್ನು ಮುಖ್ಯರಸ್ತೆಯ ದಟ್ಟಣೆ ಹೆಚ್ಚುವುದೇ ಹೊರತು ಇಳಿಯುವುದಿಲ್ಲ. ಬಿಳಿ ಗೆರೆಗಳ ಬೆಲೆಯೂ ಅಷ್ಟೇ ಹೆಚ್ಚುತ್ತದೆ.

ಹೊರಡುವ ಮುನ್ನ

ಮೊದಲ ಸಲಕ್ಕೆ ದೂರ ಬೇಡ. ಅರಸೀಕೆರೆಯವರು ಬೆಳಗಿನ ಜಾವ ಮಾಲೇಕಲ್ ತಿರುಪತಿಯ ಬೆಟ್ಟದ ಬುಡಕ್ಕೆ ಹೋಗಿ ಬರಲಿ. ಮರಳಿ ಬಂದು, ಕ್ರಿ.ಶ. 1220ರ ಹೊತ್ತಿಗೆ ಕಟ್ಟಿದ ಊರಿನ ಈಶ್ವರ ದೇವಾಲಯದ ನಕ್ಷತ್ರಾಕಾರದ ಮಂಟಪದ ಮೂಲೆಗಳನ್ನು ಎಣಿಸಲಿ, ಹದಿನಾರು ಸಿಗಬೇಕು. ಹಳೇಬೀಡಿನವರು ಕೆರೆಯ ಸುತ್ತಮುತ್ತಲಿಂದ ಶುರುಮಾಡಲಿ. ಹಳೇಬೀಡು–ಬೇಲೂರು ನಡುವೆ 16 ಕಿ.ಮೀ. ಮಾತ್ರ ಇದ್ದರೂ ಅದು ಹೆದ್ದಾರಿ. ಮಕ್ಕಳಿಗೆ ಬೇಡ, ಒಳದಾರಿ ಹುಡುಕಿಕೊಳ್ಳಬೇಕು.

ಹಿಂದಿನ ದಿನವೇ ಬ್ರೇಕು, ಚೈನು, ಟಯರು ನೋಡಿಡಿ. ಪಂಪು, ಪ್ಯಾಚು, ಸಲ್ಯೂಷನ್, ಒಂದು ಸ್ಪ್ಯಾನರು ಜೊತೆಗಿರಲಿ. ಹೆಲ್ಮೆಟ್ಟು, ಎದ್ದು ಕಾಣುವ ಬಣ್ಣದ ಅಂಗಿ ಇರಲಿ. ಸಾಲಾಗಿ ಒಬ್ಬರ ಹಿಂದೊಬ್ಬರು ಹೋಗಬೇಕು, ಕಿವಿಗೆ ಹಾಡು ಸಿಕ್ಕಿಸಿಕೊಳ್ಳಬಾರದು. ಸುಗ್ಗಿಯಲ್ಲಿ ರೈತರು ರಾಗಿ, ಹುರುಳಿಯನ್ನು ಒಕ್ಕಣೆಗೆ ರಸ್ತೆಯ ಮೇಲೇ ಹರಡಿರುತ್ತಾರೆ. ಹುಲ್ಲು ಚೈನಿಗೆ ಸುತ್ತಿಕೊಳ್ಳುತ್ತದೆ, ಚಕ್ರ ಜಾರುತ್ತದೆ. ಅಲ್ಲಿ ಇಳಿದು ನಡೆಯಿರಿ. ನಾಯಿ ಅಟ್ಟಿಸಿದರೆ ಓಡಿಸಿಕೊಂಡು ಹೋಗದೆ ಇಳಿದು ನಿಲ್ಲಿ. ಕತ್ತಲಾಗುವ ಮೊದಲು ಮನೆ ಸೇರಿ.

ಪೋಷಕರಲ್ಲಿ ಒಂದು ಮಾತು. 2006-07ರಲ್ಲಿ ಶುರುವಾದ ಉಚಿತ ಸೈಕಲ್ ಯೋಜನೆ ಕೋವಿಡ್ ಕಾಲದಲ್ಲಿ ನಿಂತುಹೋಯಿತು. ಕೊಟ್ಟ ಸೈಕಲ್ಲುಗಳಲ್ಲಿ ಎಷ್ಟೋ ಕೊಟ್ಟಿಗೆಯಲ್ಲಿ ತುಕ್ಕು ಹಿಡಿಯುತ್ತಿವೆ. ನಿಮ್ಮ ಭಯ ಸುಳ್ಳಲ್ಲ. ಆದರೆ ಆ ಭಯಕ್ಕೆ ಸೈಕಲ್ಲನ್ನೇ ಮೂಲೆಗೆ ಹಾಕಿದರೆ ಮಕ್ಕಳು ತಮ್ಮ ಊರಿನ ಸುತ್ತಲ ಹತ್ತು ಮೈಲಿ ನೆಲವನ್ನು ಕಾಣದೇ ದೊಡ್ಡವರಾಗುತ್ತಾರೆ. ಮೊದಲ ಸಲ ನೀವೇ ಜೊತೆಗೆ ಹೋಗಿ, ದಾರಿ ನೋಡಿ, ಆಮೇಲೆ ಬಿಡಿ.

ಅಂದು ಸಂಜೆ ನಾವು ಮರಳಿದಾಗ ಆ ತಾಯಿ ಶಾಲೆಯ ಗೇಟಿನ ಬಳಿ ಕಾಯುತ್ತಿದ್ದರು. ಮಗಳು ಇಳಿದವಳೇ ನೋಟ್ ಪುಸ್ತಕ ತೆಗೆದು, ತಾನು ಬರೆದುಕೊಂಡಿದ್ದ ದಾರಿಯನ್ನು ತೋರಿಸಿದಳು. ಕೆರೆ, ತಿರುವು, ನಾಯಿ ಇದ್ದ ಮನೆ, ನೀರು ಕೊಟ್ಟ ಅಜ್ಜಿಯ ಮನೆ ಎಲ್ಲವೂ ಅದರಲ್ಲಿತ್ತು. ಆ ನಕ್ಷೆಯನ್ನು ದೊಡ್ಡ ಹಾಳೆಯಲ್ಲಿ ಬರೆಸಿ ತರಗತಿಯ ಗೋಡೆಗೆ ಅಂಟಿಸಿದೆ. ಮುಂದಿನ ವರ್ಷದ ಮಕ್ಕಳು ಅದಕ್ಕೆ ಇನ್ನೆರಡು ದಾರಿ ಸೇರಿಸಿದರು. ನಿಮ್ಮ ಶಾಲೆಯ ಗೋಡೆಯಲ್ಲೂ ಅಂಥದೊಂದು ನಕ್ಷೆಗೆ ಜಾಗವಿದ್ದೇ ಇರುತ್ತದೆ.